ಗಾಳಿ ಕುಡಿಯುವ ಇಂಜಿನು

ಗೊತ್ತಿಲ್ಲದ ವಿಷಯದಲ್ಲಿ ತಪ್ಪು ಮಾಡಿದವನನ್ನು ಜನ ಕ್ಷಮಿಸುತ್ತಾರೆ. ನಾನು ತಪ್ಪಿದ್ದು ನನಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ. ಆದ್ದರಿಂದ ಆದದ್ದನ್ನು ಆದ ಹಾಗೆಯೇ, ನಿಧಾನವಾಗಿ ಹೇಳುತ್ತೇನೆ. ನಡುವೆ ಎಲ್ಲಾದರೂ ನಾನು ಜಾಣನಂತೆ ಕಂಡರೆ ನಂಬಬೇಡಿ.

ನನ್ನ ಹೆಂಡತಿಯ ತಮ್ಮ ಮಲ್ಲು ಸೇಡಂನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಎರಡು ವರ್ಷದಿಂದ ಹಳೆಯ ಸಣ್ಣ ಕಾರೊಂದರ ಸೀಟು ಕಿತ್ತು, ಒಳಗೆ, ಕಾರು ಉರುಳಿದರೂ ಜೀವ ಉಳಿಯಲೆಂದು ಕಬ್ಬಿಣದ ಪಂಜರ ಕೂರಿಸಿ ರೇಸಿಗೆ ಸಿದ್ಧ ಮಾಡುತ್ತಿದ್ದ. ಮೊದಲ ರೇಸಿಗೆ ಹೆಸರನ್ನೂ ಬರೆಸಿದ್ದ. ಉಳಿದದ್ದು ಇಂಜಿನು. ಶಹಾಬಾದಿನ ಮಿಸ್ತ್ರಿ ಖಾಜಾಭಾಯಿ ತಮ್ಮ ಗ್ಯಾರೇಜಿನ ಕಲ್ಲುನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಇಂಜಿನು ಬರೆದು ತೋರಿಸಿದರು. ಒಂದರಲ್ಲಿ ಹೊಸ ರಿಂಗು, ದೊಡ್ಡ ಏರ್ ಫಿಲ್ಟರ್. ಓಟ ಸಾಧಾರಣ, ಬಾಳಿಕೆ ಹೆಚ್ಚು. ಇನ್ನೊಂದರಲ್ಲಿ ರೇಸಿನ ಪಿಸ್ಟನ್ನು, ಪೆಟ್ರೋಲಿಗೆ ಗಾಳಿ ಬೆರೆಸುವ ಜೋಡಿ ಕಾರ್ಬುರೇಟರು. ಅವುಗಳ ಬಾಯಿಗೆ ಫಿಲ್ಟರ್ ಬದಲು ತುತ್ತೂರಿಯಂಥ ತೆರೆದ ಕೊಳವೆ.

“ಮಾಮಾ, ನೀವೇ ಹೇಳ್ರಿ. ನೀವು ಹೇಳಿದ್ದೇ ಫೈನಲ್,” ಎಂದ ಮಲ್ಲು.

ನಾನು ಮೂರು ವಾರ ಮೊಬೈಲಿನಲ್ಲಿ ಇಂಜಿನಿನ ವಿಡಿಯೋ ನೋಡಿದ್ದೆ. “ಇಂಜಿನ್ ಅಂದ್ರ ಗಾಳಿ ಕುಡಿಯೋ ಮಿಷಿನ್. ಕುಡಿಯೋನ ಬಾಯಿಗೆ ಬಟ್ಟಿ ಯಾಕ ಕಟ್ತೀರಿ? ಎರಡನೇದ್ದೇ ಮಾಡ್ರಿ,” ಎಂದೆ.

ಖಾಜಾಭಾಯಿ ಸೀಮೆಸುಣ್ಣ ಕೆಳಗಿಟ್ಟರು. “ಸಾಬ್, ನಮ್ಮ ಕಡಿ ಗಾಳಿ ಬರೇ ಗಾಳಿ ಅಲ್ರಿ. ಅದರಾಗ ಗೋಡಿ ಕಟ್ಟಬಹುದು.”

ನಾನು ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ.

ಹೊಸ ಇಂಜಿನು ಪಳಗಲೆಂದು ನಾಲ್ಕು ದಿನ ಕೋಡ್ಲಾ ರಸ್ತೆಯಲ್ಲಿ, ಸಿಮೆಂಟ್ ಲಾರಿಗಳ ಹಿಂದೆ ಓಡಿಸಿದೆವು. “ಏನ್ ಭಾರಿ ಆವಾಜ್ ಮಾಮಾ!” ಎಂದು ಮಲ್ಲು ಕುಣಿಯುತ್ತಿದ್ದ. ಐದನೆಯ ದಿನ ನೀಲಿ ಹೊಗೆ ಬಂತು. ಖಾಜಾಭಾಯಿ ಇಂಜಿನು ಬಿಚ್ಚಿದರು. ಸಿಲಿಂಡರಿನ ಒಳಗೋಡೆಯ ತುಂಬ ಬೆಕ್ಕು ಪರಚಿದಂಥ ಗೀರು. ಬೆರಳಿಗೆ ಹತ್ತಿದ ಬೂದುಬಣ್ಣದ ಹುಡಿಯನ್ನು ನನ್ನ ಅಂಗೈಗೆ ಒರೆಸಿ ಅವರು ಕೇಳಿದ್ದು ಇಷ್ಟೇ: “ಸಾಬ್, ನೀವು ಫ್ಯಾಕ್ಟರ‍್ಯಾಗ ಏನ್ ಕೆಲಸ ಮಾಡ್ತೀರಿ?”

ನಿಮಗೂ ಇದನ್ನು ಮೊದಲೇ ಹೇಳಬೇಕಿತ್ತು, ನಾಚಿಕೆಯಿಂದ ಮುಂದೂಡಿದೆ. ನಾನು ಸಿಮೆಂಟ್ ಕಾರ್ಖಾನೆಯಲ್ಲಿ ಧೂಳು ಅಳೆಯುವವನು. ಸುತ್ತಲಿನ ಗಾಳಿಯನ್ನು ಯಂತ್ರದಿಂದ ಎಳೆದು, ಫಿಲ್ಟರ್ ಕಾಗದದ ಮೇಲೆ ಕೂತ ಧೂಳನ್ನು ತೂಗಿ ಬರೆಯುವುದು ನನ್ನ ಹನ್ನೊಂದು ವರ್ಷದ ನೌಕರಿ.

“ಧೂಳ್ ತೂಗ್ತೀನ್ರಿ,” ಎಂದೆ. ಗ್ಯಾರೇಜಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ರೇಸಿನ ದಿನ ಮಲ್ಲು ಅಂಗಡಿಯಲ್ಲಿ ಪಂಪ್ ರಿಪೇರಿ ಮಾಡುತ್ತ ಕೂತಿದ್ದ. ನನ್ನನ್ನು ಬೈಯಲಿಲ್ಲ, ಚಹಾ ತರಿಸಿದ. ಈಗ ಫಿಲ್ಟರಿನ ಇಂಜಿನು ಸಿದ್ಧವಾಗುತ್ತಿದೆ; ನನ್ನನ್ನು ಯಾರೂ ಕೇಳಿಲ್ಲ. ನಿನ್ನೆ ಮಾತ್ರ, ನನಗೆ ಬೇಸರವಾದೀತೆಂದೋ ಏನೋ, ಮಲ್ಲು ಮನೆಗೆ ಬಂದು ಕೇಳಿದ: “ಮಾಮಾ, ಕಾರಿಗೆ ಯಾವ ಬಣ್ಣ ಹೊಡಸ್ಲಿ?”

ಬಹಳ ಹೊತ್ತು ಯೋಚಿಸಿ ಹೇಳಿದೆ: “ಬೂದಿ ಬಣ್ಣ ಹೊಡಸು. ಧೂಳ್ ಕಾಣಂಗಿಲ್ಲ.”

ಹನ್ನೊಂದು ವರ್ಷದ ಅನುಭವವನ್ನು ನಾನು ಆ ಕಾರಿಗೆ ಬಳಸಿದ್ದು ಅದೇ ಮೊದಲು.