ಏಳನೇ ಕಲಮಿನ ಸೊನ್ನೆ

ಏಳನೇ ಕಲಮಿನಲ್ಲಿ ಸಿದ್ದರಾಜು ಸೊನ್ನೆ ಬರೆದಿದ್ದ. ಅಷ್ಟೇ ಅವನು ಮಾಡಿದ ತಪ್ಪು.

ಬೆಳ್ಳೂರಿನ ತನ್ನ ಮನೆಯ ಮುಂಗೋಣೆಯಲ್ಲಿ ಕೋಡುಬಳೆ ಕರಿದು, ಗಿಳಿಯ ಚಿತ್ರವಿದ್ದ ಪ್ಲಾಸ್ಟಿಕ್ ಕವರಿಗೆ ತುಂಬಿ, ಮೇಣದಬತ್ತಿಯ ಉರಿಗೆ ಅಂಚು ಹಿಡಿದು ಅಂಟಿಸಿ ಅಂಗಡಿಗಳಿಗೆ ಹಾಕುವುದು ಅವನ ಕಸುಬು. ಹೊಣಕೆರೆಯವರೆಗೂ ಗಿಳಿ ಮಾರ್ಕ್ ಕೋಡುಬಳೆಗೆ ಹೆಸರಿತ್ತು. ತೊಂಬತ್ತೊಂಬತ್ತರಲ್ಲಿ ಮೇಲಿನ ಕಚೇರಿಯಿಂದ ಒಂದು ಹೊಸ ಫಾರಂ ಬಂತು. ಕವರಿನಲ್ಲಿ ಕಟ್ಟಿ ಮಾರುವವರೆಲ್ಲ ತಿಂಗಳಿಗೆ ಎಷ್ಟು ಕವರು ಬಳಸಿದರು, ಅದರಲ್ಲಿ ಎಷ್ಟು ಕೆಜಿ ಕಸವಾಗಿ ವಾಪಸ್ ಬಂತು ಎಂದು ತಿಳಿಸಬೇಕಂತೆ. ಕೊಟ್ಟ ಕವರು ವಾಪಸ್ ಬಂದದ್ದನ್ನು ಸಿದ್ದರಾಜು ಜನ್ಮದಲ್ಲಿ ಕಂಡಿರಲಿಲ್ಲ. ಎರಡು ದಿನ ಯೋಚಿಸಿ, ಪೆನ್ಸಿಲಿನಲ್ಲಿ ಬರೆದು ಅಳಿಸಿ, ಕೊನೆಗೆ ಧೈರ್ಯ ಮಾಡಿ ಇಂಕಿನಲ್ಲೇ ಸೊನ್ನೆ ಬರೆದ.

ಫಾರಂ ಕೆಂಪು ಶಾಯಿ ಹೊತ್ತು ಹಿಂದಿರುಗಿತು. ‘ಸೊನ್ನೆ ಒಪ್ಪಲಾಗುವುದಿಲ್ಲ. ಹದಿನಾಲ್ಕನೇ ತಾರೀಕು ಸಂಜೆ ನಾಲ್ಕಕ್ಕೆ ತನಿಖೆ. ಕಸವನ್ನು ಹಾಜರುಪಡಿಸತಕ್ಕದ್ದು.’ ಅದು ಸಿದ್ದರಾಜುವಿನ ಕೈಸೇರಿದ್ದು ಹದಿನಾಲ್ಕನೇ ತಾರೀಕು ಬೆಳಿಗ್ಗೆ. ಫಾರಂಗೆ ಮೊಹರು ಬೀಳದಿದ್ದರೆ ಲೈಸೆನ್ಸು ಮುಂದುವರಿಯುವುದಿಲ್ಲ. ಲೈಸೆನ್ಸಿಲ್ಲದಿದ್ದರೆ ಬಾಣಲೆ ಕವುಚಿ ಇಡಬೇಕು.

“ನೀವು ಬರ್ದಿರೋದು ನಿಜ ತಾನೆ? ಸುಮ್ಕಿರಿ, ಬಂದೋರ್ಗೆ ಅದ್ನೇ ಯೋಳಿ,” ಎಂದಳು ಹೆಂಡತಿ ಜಯಲಕ್ಷ್ಮಮ್ಮ.

ಸುಮ್ಮನಿರುವುದು ಸಿದ್ದರಾಜುವಿನ ಜಾತಕದಲ್ಲಿ ಇರಲಿಲ್ಲ. ಚೀಲ ಹಿಡಿದು ಬೀದಿಗಿಳಿದ. ಮೋರಿ ನೋಡಿದ, ತಿಪ್ಪೆ ನೋಡಿದ. ಒಂದು ಗಿಳಿಯೂ ಇರಲಿಲ್ಲ. ಬೆಳ್ಳೂರಿನಲ್ಲಿ ಗಿಳಿ ಕವರು ಬಿಸಾಡುವವರೇ ಇಲ್ಲವೆಂದು ಅವನಿಗೆ ಗೊತ್ತಾದದ್ದು ಆಗ. ದಪ್ಪ ಕವರು, ತೊಳೆದರೆ ಹೊಸದು. ಹೋಟೆಲಿನ ಮಂಚಯ್ಯ ಅದರಲ್ಲಿ ಪಾರ್ಸಲ್ ಟೀ ಕಟ್ಟುತ್ತಿದ್ದ. ಸೈಕಲ್ಲಿನ ಸೀಟುಗಳು ಅದನ್ನು ಟೋಪಿಯಂತೆ ಹಾಕಿಕೊಂಡು ನಿಂತಿದ್ದವು. ಪಕ್ಕದ ಮನೆಯ ಸಿದ್ದಲಿಂಗಮ್ಮನನ್ನು ಕೇಳಿದರೆ ಮುದುಕಿ ಗದರಿಕೊಂಡಳು.

“ಕಸ ಅಲ್ಲ ಕಣಪ್ಪ ಅದು, ನಾನು ಉಣ್ಸೆಹಣ್ಣು ಮಡಗಿರೋದು.”

ಮಂಚಯ್ಯ ಒಂದು ಉಪಾಯ ಹೇಳಿದ. “ಪುಕ್ಕಟೆ ಕೇಳಿದ್ರೆ ಯಾರ್ ಕೊಟ್ಟಾರ್ಲಾ? ಒಂದು ಕವರ್ಗೆ ಒಂದು ಕೋಡುಬಳೆ ಅನ್ನು,” ಎಂದವನೇ ಹೋಟೆಲಿನ ಮುಂದೆ ನಿಂತು ತಾನೇ ಸಾರಿಯೂಬಿಟ್ಟ.

ಹತ್ತು ಗಂಟೆಗೆ ಮನೆಮುಂದೆ ಸೀಮೆಎಣ್ಣೆಗೆ ನಿಂತಂಥ ಸಾಲು. ಟೀ ಚರಟ ಮೆತ್ತಿದವು, ಹುಣಸೆಹಣ್ಣು ಅಂಟಿದವು, ಸಸಿ ಕಿತ್ತು ಮಣ್ಣಿನ ಸಮೇತ ತಂದವು, ಎಲ್ಲ ಬಂದವು. ಹನ್ನೊಂದಕ್ಕೆ ಗಿಳಿಗಳು ಚಿಕ್ಕವಾಗತೊಡಗಿದವು. ಒಬ್ಬರು ತಲೆ ತಂದರೆ ಹಿಂದಿನವರು ಬಾಲ ತರುತ್ತಿದ್ದರು. ಯಾರೋ ಕತ್ತರಿ ಹಿಡಿದಿದ್ದರು. ಸಿದ್ದರಾಜು ಕಂಗಾಲಾದ. ಬಾಲಕ್ಕೆ ಕೊಡದಿದ್ದರೆ ಅನ್ಯಾಯ, ಎರಡಕ್ಕೂ ಕೊಟ್ಟರೆ ದಿವಾಳಿ. ಕೊಕ್ಕು ಇದ್ದದ್ದಕ್ಕೆ ಮಾತ್ರ ಕೋಡುಬಳೆ ಎಂದು ತೀರ್ಪು ಕೊಟ್ಟ. ಸಾಲಿನ ಮುಂದೆ ನಿಂತಿದ್ದ ಸಿದ್ದಲಿಂಗಮ್ಮ ತನ್ನ ಬಾಲವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡನೇ ತಲೆ ತರಲು ಮನೆಗೆ ಹೋದಳು.

ಮಧ್ಯಾಹ್ನಕ್ಕೆ ಎರಡು ಡಬ್ಬ ಕೋಡುಬಳೆ ಖಾಲಿ. ಬಂದ ಕವರುಗಳನ್ನು ತಕ್ಕಡಿಗೆ ಹಾಕಿದರೆ ಎರಡು ಕೆಜಿ ತೂಗಿತು. ಇಷ್ಟಕ್ಕೇ ಬಿಟ್ಟಿದ್ದರೆ ಅವನು ಸಿದ್ದರಾಜು ಹೇಗಾದಾನು? ತೂಕದಲ್ಲಿ ಟೀ ಚರಟವೆಷ್ಟು, ಮಣ್ಣೆಷ್ಟು ಎಂಬ ಚಿಂತೆ ಹತ್ತಿತು. ಸುಳ್ಳು ಲೆಕ್ಕ ಕೊಟ್ಟಂತಾಗುತ್ತದೆಂದು ಅಷ್ಟನ್ನೂ ಸೋಪಿನಪುಡಿಯಲ್ಲಿ ತೊಳೆದು, ಹಿತ್ತಿಲ ತಂತಿಗೆ, ಬೇಲಿಗೆ, ಅವರೆ ಚಪ್ಪರಕ್ಕೆ ಹರವಿದ. ಗಿಳಿಗಳ ಹಿಂಡು ಇಳಿದಂತೆ ಕಂಡಿತು. ಬೇಲಿಯಾಚೆಯಿಂದ ಸಿದ್ದಲಿಂಗಮ್ಮ, ಕಸವನ್ನು ತೊಳೆದು ಒಣಗಹಾಕುವವರನ್ನು ತನ್ನ ಎಪ್ಪತ್ತು ವರ್ಷದಲ್ಲಿ ಇವತ್ತೇ ಕಂಡೆನೆಂದಳು. ಒಣಗಿದ ಮೇಲೆ ತೂಗಿದರೆ ಒಂದೂವರೆ ಕೆಜಿ. ಮೂಟೆ ಕಟ್ಟಿ ಹಿತ್ತಿಲಲ್ಲೇ ಇಟ್ಟು, ಒಗೆದ ಅಂಗಿ ತೊಟ್ಟು ಕಾದ.

ನಾಲ್ಕೂವರೆಗೆ ತನಿಖೆಯ ಅಧಿಕಾರಿ ಶಿವಶಂಕರ್ ಬಂದರು. ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ, ಸೋತುಹೋಗಿದ್ದರು. ನೀರು ಕುಡಿದು, ಕೋಡುಬಳೆ ಮುರಿದು ಬಾಯಿಗಿಟ್ಟು, ಸಿದ್ದರಾಜುವಿನಿಂದ ಹಳೆಯ ಫಾರಂ ಈಸಿಕೊಂಡರು.

“ನಿಯಮ ಬದಲಾಯ್ತು ಕಣ್ರೀ. ಕಸ ಆಗದೇ ಇರೋರು ಇನ್ಮೇಲೆ ಫಾರಂ ತುಂಬೋದೇ ಬೇಡ. ಏಳನೇ ಕಲಮು ಸೊನ್ನೆ ಇದ್ರೆ ಸಾಕು, ಮೊಹರು. ನಿಮ್ಮದು ಸೊನ್ನೆ ತಾನೆ?”

ಬಾಗಿಲ ಮರೆಯಿಂದ ಜಯಲಕ್ಷ್ಮಮ್ಮ ಹೌದೆನ್ನಿ ಎಂದು ಕಣ್ಣಲ್ಲೇ ಗದರಿದಳು. ಸಿದ್ದರಾಜು ಹೂಂಗೂ ಉಹೂಂಗೂ ನಡುವಿನ ಒಂದು ಸದ್ದು ಹೊರಡಿಸಿದ. ಅಧಿಕಾರಿ ಮೊಹರನ್ನು ಶಾಯಿಗೆ ಒತ್ತಿ ಎತ್ತಿದರು. ಕಾಗದಕ್ಕೂ ಮೊಹರಿಗೂ ಒಂದಂಗುಲ ಉಳಿದಿತ್ತು.

ಆಗ ಹಿತ್ತಿಲ ಬಾಗಿಲಿಂದ ಮಂಚಯ್ಯ ಬಂದ. ಹೆಗಲ ಮೇಲೆ ಮೂಟೆ. ಅದನ್ನು ಅಧಿಕಾರಿಯ ಕಾಲಬುಡದಲ್ಲಿ ಸುರಿದು ಸೊಂಟಕ್ಕೆ ಕೈಕೊಟ್ಟು ನಿಂತ.

“ನೋಡಿ ಸಾ, ನಮ್ ಸಿದ್ರಾಜುನ್ ಕಸ. ಇಂಗೆ ತೊಳ್ದು ಮಡಗಿರೋನು ಇಡೀ ತಾಲ್ಲೂಕ್ನಾಗೆ ಇಲ್ಲ.”

ನೂರಾರು ಗಿಳಿಗಳು ನೆಲದಿಂದ ಅಧಿಕಾರಿಯನ್ನೇ ನೋಡುತ್ತಿದ್ದವು. ಅವರು ಮೊಹರನ್ನು ಮೆಲ್ಲಗೆ ಕೆಳಗಿಟ್ಟರು.

“ಇದು ನಿಮ್ಮದೇನಾ?”

“ನಮ್ದೇ ಸಾ,” ಎಂದ ಸಿದ್ದರಾಜು.

ಶಿವಶಂಕರ್ ಕೆಟ್ಟವರಲ್ಲ. ಲೈಸೆನ್ಸು ಉಳಿಯಲೆಂದು ಫಾರಂಗೆ ಮೊಹರು ಒತ್ತಿಯೇ ಕೊಟ್ಟರು. ಆದರೆ ಮೂಟೆಯನ್ನು ತೂಗಿಸಿ, ಹೆಸರನ್ನು ಕಸವಿರುವವರ ಪಟ್ಟಿಗೆ ಸೇರಿಸಿ, ಹನ್ನೊಂದು ಕಲಮಿನ ಹೊಸ ಫಾರಂ ಕೈಗಿಟ್ಟರು. ಇದು ತಿಂಗಳಿಗೊಮ್ಮೆಯಲ್ಲ, ಪ್ರತಿ ಶನಿವಾರ. ಒಂದೂವರೆ ಕೆಜಿಗೆ ಕಡಿಮೆಯಾದರೆ ಮಿಕ್ಕದ್ದು ಎಲ್ಲಿ ಹೋಯಿತೆಂದು ಬರೆಯಬೇಕು, ಅದಕ್ಕೆ ಬೇರೆ ಫಾರಂ. ಮೂಟೆಯನ್ನು ಸಾಕ್ಷಿಗೆಂದು ತಾವೇ ಹೊತ್ತುಕೊಂಡು ಐದೂವರೆಯ ಬಸ್ಸು ಹತ್ತಿದರು.

ಸಿದ್ದರಾಜು ಜಗಲಿಯ ಮೇಲೆ ಕೂತ. ಬಾಣಲೆ ಉಳಿಯಿತಲ್ಲ ಎಂದು ಜಯಲಕ್ಷ್ಮಮ್ಮ ಟೀ ತಂದಿಟ್ಟಳು. ಕುಡಿದರೆ ಅದೂ ನಿಜ ಅನ್ನಿಸಿತು. ಅಷ್ಟರಲ್ಲಿ ಸಿದ್ದಲಿಂಗಮ್ಮ ಸೆರಗಿನಲ್ಲಿ ಹುಣಸೆಹಣ್ಣು ತುಂಬಿಕೊಂಡು ಬಂದು ನಿಂತಳು. ಎಲ್ಲ ಕವರೂ ನಿನಗೇ ಕೊಟ್ಟೆ, ಇದನ್ನೀಗ ಎಲ್ಲಿ ಹಾಕಲಿ ಎಂದು ಅವಳ ತಕರಾರು. ಸಿದ್ದರಾಜು ಎದ್ದು, ಕಟ್ಟಿನಿಂದ ಒಂದು ಹೊಸ ಕವರು ಎಳೆದು ಕೊಟ್ಟ. ಶನಿವಾರದೊಳಗೆ ವಾಪಸ್ ಬೇಕು ಅಂದ.

ಮುದುಕಿ ಹುಣಸೆಹಣ್ಣು ತುಂಬಿ, ಬಾಯಿ ತಿರುಚಿ ಗಂಟು ಹಾಕಿದಳು.

“ತಂದ್ಕೊಡ್ತೀನಿ ಬುಡಪ್ಪ. ಇಡಿಯಾಗಿ ತರ್ಲೋ, ಕತ್ರಿಸ್ಕೊಂಡು ತರ್ಲೋ?”