ಎರಡು ಬೆರಳು ಅಗಲದ ಕಮಾಬಂದೊ

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಮುಂಡರಗಿಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದ ದರ್ಜಿ ನಾನು. ಯಾರು ಏನು ಕೇಳಿದರೂ ಮೊದಲು "ಆಗ್ತೈತ್ರಿ" ಎಂದು ಹೇಳಿ, ಅದೇನೆಂದು ಆಮೇಲೆ ಯೋಚಿಸುವುದು ನನ್ನ ಪದ್ಧತಿ. ಕೊರ್ಲಹಳ್ಳಿಯ ಸಂಗೀತ ಮಾಸ್ತರು ಚೀಟಿ ಹಿಡಿದು ಬಂದಾಗಲೂ ಹಾಗೇ ಅಂದುಬಿಟ್ಟೆ. ಅವರು ಜಪಾನಿಗೆ ಹೊರಟಿದ್ದರು. ಅಲ್ಲಿನ ಗಾಯಕರ ಜೊತೆ ಒಂದು ಸಂಜೆ ವೇದಿಕೆಯಲ್ಲಿ ಹಾಡಬೇಕು, ಎಲ್ಲರ ಉಡುಪೂ ಒಂದೇ ಥರ ಇರಬೇಕು. ಅಲ್ಲಿಂದ ಬಂದ ಪಟ್ಟಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು.

ತಕಿಶೀದೊ ಎಂದರೆ ಕರಿ ಕೋಟು, ಪ್ಯಾಂಟು, ಒಳಗೊಂದು ಬಿಳಿ ಅಂಗಿ. ಚೋನೆಕುತಾಯಿ ಎಂದರೆ ಕೊರಳಿಗೆ ಕಟ್ಟುವ ಬೋ. ಚೋ ಎಂದರೆ ಚಿಟ್ಟೆಯಂತೆ. ಎಂಬಿಫುಕು ಎಂಬ ಇನ್ನೂ ದೊಡ್ಡ ದರ್ಜೆಯ ಕೋಟಿಗೆ ಹಿಂದೆ ಹಕ್ಕಿಯ ಕವಲು ಬಾಲ ಬೇರೆ. ಪುಣ್ಯಕ್ಕೆ ಅದು ಬೇಡವೆಂದರು. ಕೊನೆಗೆ ಬಂದದ್ದು ಕಮಾಬಂದೊ, ಹೊಟ್ಟೆಗೆ ಸುತ್ತುವ ನೆರಿಗೆಯ ರೇಷ್ಮೆ ಪಟ್ಟಿ. "ಮಾಸ್ತರ, ಇದು ನಮ್ಮ ಕಮರಬಂದ್ ಅಲ್ಲೇನ್ರಿ! ನಮ್ಮಜ್ಜ ಹೊಲೀತಿದ್ದ" ಎಂದೆ. ಅಜ್ಜ ಹೊಲಿದದ್ದು ಶುದ್ಧ ಸುಳ್ಳು. ಆದರೆ ನಮ್ಮ ಕಡೆಯ ಮಾತೊಂದು ಹಡಗು ಹತ್ತಿ ಲೋಕ ಸುತ್ತಿ ನನ್ನ ಅಂಗಡಿ ಬಾಗಿಲಿಗೆ ಬಂದು ನಿಂತಾಗ, ಖುಷಿಗೆ ಅಷ್ಟು ಸುಳ್ಳು ನಡೆಯುತ್ತದೆ.

ಹೊರಡುವ ದಿನ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಮಾಸ್ತರು ಬರುವಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ಹೊಸ ಬಟ್ಟೆಗೆ ಕುಂಕುಮ ಹಚ್ಚಿದ್ದಳು. ಯಾವಾಗಲೂ ಒಳ ಅಂಚಿಗೆ ಹಚ್ಚುವವಳು, ಅವಸರದಲ್ಲಿ ಮಡಿಸಿಟ್ಟ ಬಿಳಿ ಅಂಗಿಯ ಯಾವ ಭಾಗ ಮೇಲಿದೆ ಎಂದು ನೋಡಿರಲಿಲ್ಲ. ಬಿಡಿಸಿದರೆ ಹೊಟ್ಟೆಯ ಮೇಲೆ, ಕಮಾಬಂದೊದ ಅಂಚಿಗಿಂತ ತುಸು ಮೇಲಕ್ಕೆ, ಕೆಂಪು ಬೊಟ್ಟು! ಒದ್ದೆ ಬಟ್ಟೆಯಿಂದ ಒರೆಸಿದೆ. ಬೊಟ್ಟು ಇನ್ನಷ್ಟು ಹರಡಿತು. ಬೇರೆ ಅಂಗಿ ಹೊಲಿಯೋಣವೆಂದರೆ ಗದಗಿನ ಬಸ್ಸಿಗೆ ಉಳಿದದ್ದು ಒಂದೇ ತಾಸು. ಗಿರಿಜಾಳ ಮೇಲೆ ಹರಿಹಾಯ್ದೆ. ಆಕೆ ಕಣ್ಣೀರು ತಂದುಕೊಂಡಳು.

ಅಷ್ಟರಲ್ಲಿ ಬಂದ ಮಾಸ್ತರು ಅಂಗಿಯನ್ನು ಕೈಗೆತ್ತಿಕೊಂಡು ನೋಡಿದರು. "ಅಕ್ಕಾರಿಗೆ ಬೈಬ್ಯಾಡ್ರಿ. ನಮ್ಮವ್ವ ಹೋದ ಮ್ಯಾಲೆ ನನ್ನ ಬಟ್ಟಿಗೆ ಯಾರೂ ಕುಂಕುಮ ಹಚ್ಚಿಲ್ಲ. ಅಷ್ಟ ದೂರ ಒಬ್ಬಾಂವನ ಹೊಂಟೀನಿ, ಇದು ಜೋಡಿ ಇರ್ಲಿ. ಕಮಾಬಂದೊ ಎರಡ ಬೆರಳ ಅಗಲ ಮಾಡ್ರಿ, ಮುಚ್ಚತೈತಿ" ಎಂದರು. ಒಂದು ನೆರಿಗೆ ಬಿಚ್ಚಿ ಪಟ್ಟಿ ಅಗಲ ಮಾಡಿಕೊಟ್ಟೆ. ಬಸ್ಸೂ ಸಿಕ್ಕಿತು. ಆ ಮನುಷ್ಯನ ದೊಡ್ಡ ಮನಸ್ಸಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ವಾರದ ಮೇಲೆ ನನ್ನ ಫೋನಿಗೆ ಫೋಟೊ ಬಂತು. ಸಾಲಿನಲ್ಲಿ ಎಲ್ಲರಿಗಿಂತ ಅಗಲದ ಪಟ್ಟಿ ನಮ್ಮ ಮಾಸ್ತರದು. ಕೆಳಗೆ, "ಹಾಡು ಛಲೋ ಆತು. ಅಕ್ಕಾರಿಗೆ ನಮಸ್ಕಾರ ಹೇಳ್ರಿ" ಎಂದಿತ್ತು. ದರ್ಜಿಯ ಬಗ್ಗೆ ಒಂದಕ್ಷರ ಇಲ್ಲ! ಆ ಸಿಟ್ಟಿಗೆ ಅದನ್ನು ಗಿರಿಜಾಳಿಗೆ ಮೂರು ದಿನ ತೋರಿಸಲಿಲ್ಲ. ಕೊನೆಗೆ ತೋರಿಸಿದರೆ, ಆಕೆ ನಮಸ್ಕಾರದ ಸಾಲನ್ನು ಓದಲೇ ಇಲ್ಲ. ಫೋಟೊ ಹತ್ತಿರ ಹಿಡಿದು ನೋಡಿ, "ಕೋಟು ಎಷ್ಟು ಚಂದ ಹೊಲದೀರಿ!" ಎಂದಳು.