ಉಸಿರುಕೊಳವೆಗೆ ಬಿದ್ದ ಸಾಮಾನುಗಳು

ನನಗೆ ಸಿಟ್ಟು ಜಾಸ್ತಿ ಅಂತ ಮಧುಗಿರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬರದೆ ಇನ್ನೇನು? ಎಪ್ಪತ್ತರ ದಶಕದ ಕೊನೆಯಿಂದ ಹತ್ತು ವರ್ಷ ಅಲ್ಲಿನ ಒಂದು ಧರ್ಮಾಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿದ್ದೆ. ಹೊಟ್ಟೆಗೆ ಹೋಗಬೇಕಾದ್ದು, ಜೇಬಿನಲ್ಲಿರಬೇಕಾದ್ದು ಎಲ್ಲವನ್ನೂ ಜನ ಉಸಿರಿನ ಜೊತೆ ಎಳೆದುಕೊಂಡು ಬರುತ್ತಿದ್ದರು. ಬ್ರಾಂಕೋಸ್ಕೋಪ್ ಅನ್ನುವ ಉದ್ದನೆಯ ಲೋಹದ ಕೊಳವೆಯನ್ನು ಬಾಯಿಂದ ಶ್ವಾಸನಾಳಕ್ಕೆ ಇಳಿಸಿ, ಅದರೊಳಗೆ ಇಕ್ಕಳ ತೂರಿಸಿ ನಾನು ತೆಗೆಯಬೇಕು. ತೆಗೆಯುವುದು ಅರ್ಧ ಗಂಟೆಯ ಕೆಲಸ. ಬಯ್ಯುವುದಕ್ಕೆ ಇಡೀ ದಿನ ಸಾಲುತ್ತಿರಲಿಲ್ಲ.

ಕಡಲೇಬೀಜ

ಬಡವನಹಳ್ಳಿ ಕಡೆಯ ಅಜ್ಜಿಯೊಬ್ಬಳು ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ತುಟಿ ನೀಲಿಗಟ್ಟಿತ್ತು.

"ಕಡ್ಲೇಬೀಜ ಸಿಕ್ಕಾಕ್ಕೊಂಡು ಮೂರ್ ದಿನ ಆಯ್ತು ಕಣವ್ವ. ಕೆಳಿಕ್ಕೆ ಜಾರ್ಲಿ ಅಂತ ಬಾಳೆಹಣ್ಣು ತಿನ್ನಿಸ್ದೋ, ಮುದ್ದೆ ನುಂಗ್ಸಿದೋ..."

"ಅದು ಹೋಗಿರೋದು ಅನ್ನದ ದಾರೀಲಿ ಅಲ್ಲಮ್ಮ, ಉಸಿರಿನ ದಾರೀಲಿ! ಮಗು ಉಳಿದಿರೋದೇ ಹೆಚ್ಚು!" ಅಂತ ಕೂಗಾಡಿದೆ.

ಬೀಜ ನೆನೆದು ಊದಿಕೊಂಡಿತ್ತು. ಹಿಡಿದರೆ ಪುಡಿಯಾಗುತ್ತಿತ್ತು. ಚೂರು ಚೂರಾಗಿ ತೆಗೆದೆ. ಮಗು ಕೆಂಪಗಾಗಿ ಚೀರಿದಾಗ ನನಗೂ ಅಳು ಬಂತು. ಸಂಜೆ ವಾರ್ಡಿಗೆ ಹೋದರೆ ಮಗುವಿನ ದವಡೆ ಆಡುತ್ತಿದೆ.

"ಏನಮ್ಮ ಅದು ಬಾಯಲ್ಲಿ?"

"ಮಗ ಎದ್ರುಕೊಂಡೈತೆ ಕಣವ್ವ, ಅದುಕ್ಕೆ ಎಲ್ಡು ಬೀಜ ಕೊಟ್ಟೆ. ಎದ್ರುಕೋಬ್ಯಾಡ, ಈ ಸಲ ಉರಿದಿರೋವು!"

ಬಲ್ಬು

ಆ ಬ್ರಾಂಕೋಸ್ಕೋಪ್ ಕೊಳವೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಲ್ಬು ಇರುತ್ತಿತ್ತು. ಹುಣಸೆಬೀಜ ಎಳೆದುಕೊಂಡಿದ್ದ ಹುಡುಗಿ ಮೇಜಿನ ಮೇಲಿದ್ದಾಗಲೇ ಅದು ಸುಟ್ಟುಹೋಯಿತು. ಉಳಿದಿದ್ದ ಒಂದೇ ಒಂದು ಬಲ್ಬು ಹಾಕಿ ಹೇಗೋ ಅವಳ ಜೀವ ಉಳಿಸಿದೆ. ಮರುದಿನವೇ ಆಫೀಸಿಗೆ ಬರೆದೆ: "ಒಳಗೆ ಕತ್ತಲು. ತುರ್ತಾಗಿ ಬಲ್ಬು ಬೇಕು."

ಎರಡು ತಿಂಗಳ ಮೇಲೆ ಸ್ಟೋರಿನ ಗುಮಾಸ್ತರು ಡಬ್ಬಿ ತಂದಿಟ್ಟರು. ಬಿಚ್ಚಿದರೆ ಅಂಗಳಕ್ಕೆ ಹಾಕುವ ನೂರು ವ್ಯಾಟಿನ ಬಲ್ಬು.

"ಇದನ್ನ ಮಗುವಿನ ಗಂಟಲಲ್ಲಿ ಇಳಿಸಲೇನ್ರೀ?"

"ಒಳಗೆ ಕತ್ತಲು ಅಂತ ಬರೆದಿದ್ರಿ ಮೇಡಂ. ಅದಕ್ಕೇ ಇರೋದರಲ್ಲಿ ದೊಡ್ಡದನ್ನೇ ಕೊಟ್ಟಿದ್ದೀವಿ. ಇಲ್ಲೊಂದು ಸಹಿ ಹಾಕಿ."

ಗುಂಡುಪಿನ್ನು

ಶಿರಾದ ಟೈಲರ್ ಸಾಹೇಬರು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಗಲು ಹೋಗಿ ಒಂದನ್ನು ಒಳಗೆ ಎಳೆದುಕೊಂಡಿದ್ದರು. ಒಂದೂವರೆ ಗಂಟೆ ಒದ್ದಾಡಿ ತೆಗೆದೆ. "ಇನ್ನೊಂದ್ಸಲ ಬಾಯಿಗೆ ಪಿನ್ನು ಹಾಕಿದರೆ ನಾನಂತೂ ಮುಟ್ಟಲ್ಲ!" ಅಂದೆ. ಅವರು ಕಿವಿ ಹಿಡಿದುಕೊಂಡು "ತೌಬಾ ಡಾಕ್ಟರ್ ಸಾಬ್" ಅಂದರು.

ಆರು ತಿಂಗಳಾದ ಮೇಲೆ ರವಿಕೆ ಹೊಲಿಸಲು ಅವರ ಅಂಗಡಿಗೆ ಹೋದೆ. ಸಾಹೇಬರ ಬಾಯಿ ಖಾಲಿ. ಪಕ್ಕದಲ್ಲಿ ಕೂತಿದ್ದ ಅವರ ಮಾವನ ತುಟಿಯ ತುಂಬ ಪಿನ್ನು!

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ನನ್ನ ಕಿವಿಯ ಹತ್ತಿರ ಬಂದು, "ಬಯ್ಬೇಡಿ ಡಾಕ್ಟರ್ ಸಾಬ್. ಹತ್ತು ವರ್ಷದಿಂದ ಮಾವ ನಾನು ಹೊಲಿದಿದ್ದಕ್ಕೆಲ್ಲ ತಪ್ಪು ಹುಡುಕ್ತಿದ್ರು. ಈಗ ದುಕಾನಿನಲ್ಲಿ ಶಾಂತಿ" ಅಂದರು.

ಪೀಪಿ

ಕೊರಟಗೆರೆಯಿಂದ ಪಾವಗಡಕ್ಕೆ ಹೋಗುವ ಬಸ್ಸು ಒಂದು ಬೆಳಿಗ್ಗೆ ಪ್ರಯಾಣಿಕರ ಸಮೇತ ನಮ್ಮ ಆಸ್ಪತ್ರೆ ಬಾಗಿಲಿಗೇ ಬಂತು. ಕಂಡಕ್ಟರು ಎದೆ ಹಿಡಿದುಕೊಂಡು ಇಳಿದ. ಉಸಿರು ಬಿಟ್ಟಾಗಲೆಲ್ಲ ಅವನ ಎದೆಯಿಂದ "ಪೀಂ" ಅನ್ನುವ ಸದ್ದು.

ಸೀಟಿ ಕಳೆದುಕೊಂಡಿದ್ದ ಆ ಪುಣ್ಯಾತ್ಮ, ಬಲೂನಿಗೆ ಕಟ್ಟುವ ಪುಟ್ಟ ಪೀಪಿ ಕಚ್ಚಿಕೊಂಡು ಡ್ಯೂಟಿ ಮಾಡುತ್ತಿದ್ದನಂತೆ. ಬಸ್ಸು ಗುಂಡಿಗೆ ಇಳಿದು ಎಗರಿದಾಗ ಪೀಪಿ ಒಳಗೆ.

ಡ್ರೈವರು ಬೆವರು ಒರೆಸಿಕೊಂಡ. "ಒಂದ್ಸಲ ಕೂಗಿದ್ರೆ ನಿಲ್ಲಿಸ್ಬೇಕು, ಎಲ್ಡ್ಸಲ ಕೂಗಿದ್ರೆ ಬುಡ್ಬೇಕು ಡಾಕ್ಟ್ರಮ್ಮ. ಇವ್ನು ಉಸಿರಾಡ್ತಾನೇ ಅವ್ನೆ! ನಿಲ್ಲಿಸ್ದೆ, ಬುಟ್ಟೆ, ನಿಲ್ಲಿಸ್ದೆ, ಬುಟ್ಟೆ. ಕಾಲು ಬಿದ್ದೋಯ್ತು!"

"ಜನರ ಜೀವ ನಿನ್ನ ಕೈಲಿರೋವಾಗ ಮಕ್ಕಳ ಪೀಪಿ ಊದ್ತೀಯೇನೋ?" ಅಂತ ಕಂಡಕ್ಟರಿಗೆ ಗದರಿದೆ.

"ತಪ್... ಪೀಂ... ತಪ್ಪಾಯ್ತು... ಪೀಂ."

ಅಷ್ಟರಲ್ಲಿ ಪ್ರಯಾಣಿಕರು ಆಪರೇಷನ್ ಕೋಣೆಯ ಬಾಗಿಲಿಗೆ ಮುತ್ತಿದರು. ಪಾವಗಡದವನೊಬ್ಬ ತಲೆ ಒಳಗೆ ಹಾಕಿ, ಅರ್ಧ ತೆಲುಗಿನಲ್ಲಿ, "ಎಂತ ಸೇಪಮ್ಮಾ? ಇನ್ನೂ ಎಷ್ಟೊತ್ತು?" ಅಂದ. ನನಗೆ ನೆತ್ತಿಗೇರಿತು. "ಇಲ್ಲಿ ಮನುಷ್ಯ ಸಾಯ್ತಿದ್ದಾನೆ, ನಿಮಗೆ ಹೊತ್ತಿನ ಚಿಂತೆ! ಎಲ್ಲಾ ಹೋಗಿ ಬಸ್ಸಲ್ಲಿ ಕೂತ್ಕೊಳ್ಳಿ!" ಅಂತ ಡ್ರೈವರನ್ನೂ ಸೇರಿಸಿ ಎಲ್ಲರನ್ನೂ ಅಟ್ಟಿದೆ.

ಪೀಪಿ ಬಲಗಡೆಯ ಕವಲಿನಲ್ಲಿ ಅಡ್ಡ ಸಿಕ್ಕಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ಹಿಡಿತಕ್ಕೆ ಬಂತು. ನಾನು ಕೈ ತೊಳೆಯುತ್ತಿದ್ದೆ. ನರ್ಸಮ್ಮ ಅದನ್ನು ತೊಳೆದು, ಇನ್ನೂ ಕೂಗುತ್ತದೋ ನೋಡೋಣ ಅಂತ ಕಿವಿಗೆ ಗಾಳಿ ಊದುವ ರಬ್ಬರ್ ಚೆಂಡಿನ ಮೂತಿಗೆ ಸಿಕ್ಕಿಸಿ ಅದುಮಿದರು.

ಪೀಂ, ಪೀಂ.

ಹೊರಗೆ ಬಸ್ಸು ಗುರ್ ಅಂತ ಸ್ಟಾರ್ಟಾಯಿತು. ಇನ್ನೂ ಅರಿವಳಿಕೆಯ ಅಮಲಿನಲ್ಲಿದ್ದ ಕಂಡಕ್ಟರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ "ರೈಟ್, ರೈಟ್!" ಅಂದ. ಬಸ್ಸು ಹೊರಟೇಬಿಟ್ಟಿತು. ನಾನು ಗೌನಿನಲ್ಲೇ, ಸೀರೆ ಎತ್ತಿ ಹಿಡಿದುಕೊಂಡು, ಮುಖ್ಯ ರಸ್ತೆಯಲ್ಲಿ "ಲೇ, ನಿಲ್ಲಿಸ್ರೋ!" ಅಂತ ಕೂಗುತ್ತ ಓಡಿದೆ.

ಹಿಂದಿನ ಕಿಟಕಿಯಿಂದ ಒಬ್ಬ ಕತ್ತು ಹೊರಗೆ ಹಾಕಿ ನನ್ನನ್ನು ನೋಡಿದ. ಗಾಬರಿಯಿಂದ ಡ್ರೈವರಿಗೆ ಕೂಗಿ ಹೇಳಿದ: "ನಿಲ್ಲಿಸ್ಬ್ಯಾಡ ಕಣ್ಲಾ, ಜೋರಾಗಿ ಬುಡು! ಡಾಕ್ಟ್ರಮ್ಮ ಇನ್ನೂ ಬಯ್ಯಾಕ್ ಬತ್ತಾವ್ರೆ!"